ಕಾಲೇಜಿಗೆ ನಮ್ಮದೇ ಗಿಟ್ ಸರ್ವರ್ ನಡೆಸಿದರೆ ನಿರ್ವಹಣೆಯ ಕೆಲಸ ಎಷ್ಟಿರುತ್ತದೆ?

ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವ ನೀವು, ಸುಮಾರು 300 ವಿದ್ಯಾರ್ಥಿಗಳ ಪ್ರಾಜೆಕ್ಟ್ ಕೋಡ್ ಇಡುವುದಕ್ಕೆ ವಿಭಾಗದಲ್ಲೇ ಒಂದು ಗಿಟ್ ಸರ್ವರ್ ನಡೆಸಬೇಕೆಂದಿದ್ದೀರಿ. ಗಿಟ್ ಎಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ಇತಿಹಾಸವಾಗಿ ದಾಖಲಿಸಿಡುವ ತಂತ್ರಾಂಶ. ಇನ್‌ಸ್ಟಾಲ್ ಮಾಡಿದ ಮೇಲೆ ನಿಜವಾಗಿ ಎಷ್ಟು ಕೆಲಸ ಹಿಡಿಯುತ್ತದೆ, ಒಬ್ಬರೇ ನಿಭಾಯಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ಮೈಸೂರಿನ ಹೆಬ್ಬಾಳದ ಕಡೆ ಇರುವ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ನಾನು 2017ರಿಂದ ಇಂಥದ್ದೇ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಕೋಡ್ ಜೊತೆಗೆ, ನಮ್ಮಲ್ಲಿ ಇಂಟರ್ನ್‌ಶಿಪ್‌ಗೆ ಬರುವ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳೂ ಅದರಲ್ಲಿವೆ. ನನ್ನ ಲೆಕ್ಕದಲ್ಲಿ ಸ್ಥಾಪನೆ ಒಂದು ಮಧ್ಯಾಹ್ನದ ಕೆಲಸ, ಆಮೇಲೆ ವಾರಕ್ಕೆ ಎರಡು ಮೂರು ಗಂಟೆಯ ನಿಯಮಿತ ಗಮನ ಬೇಕು, ಮತ್ತು ಜವಾಬ್ದಾರಿ ಹೊರಲು ಇಬ್ಬರು ಇರಲೇಬೇಕು.

ಆ ಎರಡು ಮೂರು ಗಂಟೆ ಯಾವುದಕ್ಕೆ ಹೋಗುತ್ತದೆ ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಅದನ್ನು ತಪ್ಪು ಕಡೆಗೆ ಖರ್ಚು ಮಾಡುತ್ತಾರೆ. ಕೋಡ್ ಕಳೆದುಹೋದರೆ ಏನು ಗತಿ ಎಂದು ಎಲ್ಲರಿಗೂ ಮೊದಲು ಹೆದರಿಕೆಯಾಗುತ್ತದೆ. ಆದರೆ 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದೇ ಪ್ರತಿಯೊಬ್ಬರ ಗಣಕದಲ್ಲೂ ಪೂರ್ತಿ ಇತಿಹಾಸ ಇರುವ ಹಾಗೆ. ಐದು ಜನ ವಿದ್ಯಾರ್ಥಿಗಳ ತಂಡವೊಂದು ರೆಪೊವನ್ನು (ಒಂದು ಪ್ರಾಜೆಕ್ಟ್‌ನ ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ಕ್ಲೋನ್ ಮಾಡಿಕೊಂಡಿದ್ದರೆ, ಅಂದರೆ ತಂತಮ್ಮ ಗಣಕಕ್ಕೆ ನಕಲಿಸಿಕೊಂಡಿದ್ದರೆ, ಆ ಕೋಡಿಗೆ ಆಗಲೇ ಐದು ಪ್ರತಿಗಳಿವೆ. ಎಲ್ಲೂ ಪ್ರತಿ ಇಲ್ಲದ್ದು ಕೋಡಿನ ಸುತ್ತ ಬೆಳೆದದ್ದು: ಇಶ್ಯೂಗಳು (ದೋಷ, ಕೆಲಸಗಳ ಟಿಪ್ಪಣಿಗಳು), ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕೆಳಗೆ ನೀವು ಬರೆದ ತಿದ್ದುಪಡಿಗಳು, ಯಾರಿಗೆ ಯಾವ ರೆಪೊದಲ್ಲಿ ಎಷ್ಟು ಅಧಿಕಾರ ಎಂಬ ಪಟ್ಟಿ, ಬಳಕೆದಾರರ ಖಾತೆಗಳು, ಕೀಲಿಗಳು. ಇವೆಲ್ಲ ಸರ್ವರ್‌ನ ಡೇಟಾಬೇಸ್‌ನಲ್ಲಿ ಮಾತ್ರ ಇರುತ್ತವೆ.

ಇದಕ್ಕೆ ಎಲ್ಲರೂ ಓದಬೇಕಾದ ಉದಾಹರಣೆಯೆಂದರೆ, ಕೋಡ್ ಇಡುವ ಸೇವೆ ಕೊಡುವ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ನಡೆದದ್ದು. ತಡರಾತ್ರಿಯಲ್ಲಿ ಸಮಸ್ಯೆಯೊಂದನ್ನು ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು, ಎರಡನೆಯ ಡೇಟಾಬೇಸ್ ಸರ್ವರ್‌ನಲ್ಲಿ ಅಳಿಸಬೇಕಾಗಿದ್ದ ಕಡತಗಳನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿಬಿಟ್ಟರು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ. ಬ್ಯಾಕಪ್ ತೆಗೆದು ನೋಡಿದರೆ ದಿನವೂ ಆಗಬೇಕಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡಂಪ್ (ಪೂರ್ತಿ ನಕಲು), ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಲೇ ಬಂದಿತ್ತು. ಆ ವೈಫಲ್ಯವನ್ನು ತಿಳಿಸಬೇಕಿದ್ದ ಮೇಲ್‌ಗಳು ಸ್ವೀಕರಿಸುವ ಕಡೆಯಲ್ಲೇ ತಿರಸ್ಕೃತವಾಗುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ಒಂದೇ ಅವರನ್ನು ಕಾಪಾಡಿತು. ಆ ಆರು ಗಂಟೆಗಳ ಪ್ರಾಜೆಕ್ಟ್ ಮಾಹಿತಿ, ಕಾಮೆಂಟ್‌ಗಳು, ಹೊಸ ಖಾತೆಗಳು ಹೋದವು. ಗಿಟ್ ರೆಪೊಗಳಿಗೆ ಮಾತ್ರ ಏನೂ ಆಗಲಿಲ್ಲ. ಅವರು ಏನನ್ನೂ ಮುಚ್ಚಿಡದೆ, ದುರಸ್ತಿಯ ಕೆಲಸವನ್ನು ನೇರಪ್ರಸಾರದಲ್ಲಿ ತೋರಿಸುತ್ತ, ಆಮೇಲೆ ಎಲ್ಲ ವಿವರಗಳನ್ನೂ ಬರೆದು ಪ್ರಕಟಿಸಿದರು. ಅದರಿಂದ ನನ್ನಂಥವರಿಗೆ ಆದ ಉಪಕಾರ ದೊಡ್ಡದು.

ಹಾಗಾಗಿ ನಿರ್ವಹಣೆಯ ಕೆಲಸದಲ್ಲಿ ಬ್ಯಾಕಪ್ ತೆಗೆಯುವುದು ಚಿಕ್ಕ ಭಾಗ, ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿ ನೋಡುವುದೇ ದೊಡ್ಡ ಭಾಗ. ನೀವು ಗಿಟೀ ಎಂಬ ಗಿಟ್ ಸರ್ವರ್ ತಂತ್ರಾಂಶ ಬಳಸುವ ಯೋಚನೆಯಲ್ಲಿದ್ದೀರಿ. ಒಳ್ಳೆಯ ಆಯ್ಕೆ, ಒಂದೇ ಬೈನರಿ ಕಡತ, ಹಳೆಯ ಡೆಸ್ಕ್‌ಟಾಪ್‌ನಲ್ಲೂ ಹಗುರವಾಗಿ ನಡೆಯುತ್ತದೆ. ಅದರಲ್ಲಿ ಡಂಪ್ ಎಂಬ ಆಜ್ಞೆ ಕೊಟ್ಟರೆ ಡೇಟಾಬೇಸ್, ರೆಪೊಗಳು, ಕಾನ್ಫಿಗರೇಶನ್ ಎಲ್ಲವೂ ಒಂದು ಜಿಪ್ ಕಡತಕ್ಕೆ ಬರುತ್ತವೆ. ಆದರೆ ಆ ಜಿಪ್‌ನಿಂದ ಸರ್ವರನ್ನು ಮರಳಿ ಕಟ್ಟಲು ಅಂಥದೇ ಒಂದು ಆಜ್ಞೆ ಇಲ್ಲ. ಕಡತಗಳನ್ನು ಬಿಚ್ಚಿ ಅವುಗಳ ಜಾಗಕ್ಕೆ ಇಡುವುದು, ಒಡೆತನ ಸರಿಪಡಿಸುವುದು, ಡೇಟಾಬೇಸ್ ತುಂಬುವುದು, ಹುಕ್‌ಗಳನ್ನು (ಕೋಡ್ ಬಂದಾಗ ತಾವಾಗಿ ಓಡುವ ಸಣ್ಣ ಸ್ಕ್ರಿಪ್ಟ್‌ಗಳು) ಮರುಸೃಷ್ಟಿಸುವುದು, ಇದೆಲ್ಲವನ್ನೂ ಕೈಯಿಂದ ಮಾಡಬೇಕು. ಡಂಪ್ ತೆಗೆಯುವಾಗ ಸೇವೆಯನ್ನು ಕೆಲವು ನಿಮಿಷ ನಿಲ್ಲಿಸಿಕೊಳ್ಳಿ, ಇಲ್ಲದಿದ್ದರೆ ಡೇಟಾಬೇಸ್ ಒಂದು ಕ್ಷಣದ್ದು, ರೆಪೊಗಳು ಇನ್ನೊಂದು ಕ್ಷಣದ್ದು ಆಗಿ ಹೊಂದಾಣಿಕೆ ತಪ್ಪುತ್ತದೆ. ನಾವು ಬೆಳಗಿನ ಜಾವ ಮೂರು ಗಂಟೆಗೆ ಇಟ್ಟುಕೊಂಡಿದ್ದೇವೆ.

ನಾನು ಮೊದಲ ಸಲ ಈ ತಾಲೀಮು ಮಾಡಿದ್ದು ಒಂದು ಶನಿವಾರ, ಸರಸ್ವತಿಪುರಂನ ನಮ್ಮ ಮನೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್ ಮೇಲೆ. ಪೋಸ್ಟ್‌ಗ್ರೆಸ್ ತುಂಬಿತು, ರೆಪೊಗಳೆಲ್ಲ ಪುಟದಲ್ಲಿ ಕಾಣಿಸಿದವು, ನನಗೂ ಸಮಾಧಾನವಾಯಿತು. ಲಾಗಿನ್ ಆಗಲು ಹೋದರೆ ಪಾಸ್‌ವರ್ಡ್ ಸರಿ ಎಂದಿತು, ಫೋನಿನಲ್ಲಿ ಬರುವ ಆರು ಅಂಕಿಯ ಸಂಖ್ಯೆಯನ್ನು ಮಾತ್ರ ಒಪ್ಪಲಿಲ್ಲ. ಗಡಿಯಾರ ತಪ್ಪಿರಬೇಕೆಂದು ಅದನ್ನು ಸರಿಪಡಿಸಿದೆ, ಆದರೂ ಒಪ್ಪಲಿಲ್ಲ. ಕತ್ತಲಾಗುವ ಹೊತ್ತಿಗೆ ಕಾರಣ ಸಿಕ್ಕಿತು. ಎರಡನೆಯ ಹಂತದ ಲಾಗಿನ್‌ಗೆ ಬೇಕಾದ ಗುಟ್ಟನ್ನು ಗಿಟೀ ತನ್ನ ಕಾನ್ಫಿಗರೇಶನ್ ಕಡತದಲ್ಲಿರುವ ಒಂದು ಕೀಲಿಯಿಂದ ಗೂಢಲಿಪೀಕರಿಸಿ ಡೇಟಾಬೇಸ್‌ನಲ್ಲಿ ಇಡುತ್ತದೆ. ಆಗ ನಾನು ಬ್ಯಾಕಪ್‌ಗೆ ನನ್ನದೇ ಸ್ಕ್ರಿಪ್ಟ್ ಬಳಸುತ್ತಿದ್ದೆ, ಅದು ಡೇಟಾಬೇಸ್ ಮತ್ತು ರೆಪೊಗಳನ್ನಷ್ಟೇ ಒಯ್ಯುತ್ತಿತ್ತು, ಕಾನ್ಫಿಗರೇಶನ್ ಕಡತವನ್ನು ಹೊಸದಾಗಿ ಬರೆದುಕೊಂಡರಾಯಿತು ಎಂದುಕೊಂಡಿದ್ದೆ. ನಿಜವಾದ ಅವಘಡದ ದಿನವೇ ಇದು ಮೊದಲ ಸಲ ಗೊತ್ತಾಗಿದ್ದರೆ ಎಲ್ಲರ ಎರಡನೆಯ ಹಂತವನ್ನೂ ಒಬ್ಬೊಬ್ಬರದಾಗಿ ತೆಗೆದು ಮತ್ತೆ ಹಾಕಿಸಬೇಕಾಗುತ್ತಿತ್ತು. ಅಂದಿನಿಂದ ಕಾನ್ಫಿಗರೇಶನ್ ಕಡತ ಮತ್ತು ಸರ್ವರ್‌ನ ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳು (ಸಂಪರ್ಕಿಸುವವರಿಗೆ ಸರ್ವರ್‌ನ ಗುರುತನ್ನು ಖಚಿತಪಡಿಸುವ ಕೀಲಿಗಳು) ಬ್ಯಾಕಪ್‌ನಲ್ಲಿ ಸೇರಿವೆ, ಮತ್ತು ಮೂರು ತಿಂಗಳಿಗೊಮ್ಮೆ ಇಡೀ ತಾಲೀಮು ನಡೆಯುತ್ತದೆ. ಮೊದಲ ದಿನ ಬೆಳಗಿನಿಂದ ಸಂಜೆಯವರೆಗೆ ಹಿಡಿದದ್ದು ಈಗ ಎರಡು ಗಂಟೆಯೊಳಗೆ ಮುಗಿಯುತ್ತದೆ.

ಹೋಸ್ಟ್ ಕೀಲಿಯ ವಿಷಯ ಚಿಕ್ಕದೆಂದು ಬಿಡಬೇಡಿ. ಹೊಸ ಯಂತ್ರದಲ್ಲಿ ಬೇರೆ ಕೀಲಿ ಬಂದರೆ ಎಸ್‌ಎಸ್‌ಎಚ್ ಮೂಲಕ ಪುಶ್ ಮಾಡುವ (ತಮ್ಮ ಕೋಡನ್ನು ಸರ್ವರ್‌ಗೆ ಕಳಿಸುವ) ಪ್ರತಿಯೊಬ್ಬರಿಗೂ ಗುರುತು ಬದಲಾಗಿದೆ ಎಂಬ ದೊಡ್ಡ ಎಚ್ಚರಿಕೆ ಕಾಣಿಸುತ್ತದೆ, ಮತ್ತು ಅಂಥ ಎಚ್ಚರಿಕೆಯನ್ನು ಲೆಕ್ಕಿಸದೆ ಮುಂದೆ ಹೋಗುವ ಅಭ್ಯಾಸ ವಿದ್ಯಾರ್ಥಿಗಳಿಗೆ ಆಗಬಾರದು. 2023ರ ಮಾರ್ಚ್‌ನಲ್ಲಿ ಕೋಡ್ ಇಡುವ ಇನ್ನೊಂದು ದೊಡ್ಡ ಸೇವೆಯಾದ ಗಿಟ್‌ಹಬ್‌ನ ಆರ್‌ಎಸ್‌ಎ ಮಾದರಿಯ ಹೋಸ್ಟ್ ಕೀಲಿ ಒಂದು ಬಹಿರಂಗ ರೆಪೊದಲ್ಲಿ ಸ್ವಲ್ಪ ಹೊತ್ತು ಕಾಣುವಂತಾಗಿ, ಅವರು ಅದನ್ನು ಬದಲಿಸಬೇಕಾಯಿತು.

ಬ್ಯಾಕಪ್ ಎಲ್ಲಿರಬೇಕು ಎಂಬುದಕ್ಕೆ 2014ರಲ್ಲಿ ಮುಚ್ಚಿಹೋದ ಕೋಡ್ ಸ್ಪೇಸಸ್ ಎಂಬ, ಕೋಡ್ ಇಡುವ ಸೇವೆಯನ್ನು ನೆನೆಯಬೇಕು. ದಾಳಿಕೋರನೊಬ್ಬ ಅವರ ಅಮೆಜಾನ್ ಕ್ಲೌಡ್ ನಿಯಂತ್ರಣ ಫಲಕವನ್ನು ಹೊಕ್ಕು, ಡೇಟಾವನ್ನೂ ಅದೇ ಖಾತೆಯಲ್ಲಿದ್ದ ಬ್ಯಾಕಪ್‌ಗಳನ್ನೂ ಬಹುಪಾಲು ಅಳಿಸಿದ. ಸೇವೆ ಮತ್ತೆ ಏಳಲಿಲ್ಲ. ಸರ್ವರ್‌ನ ಪಾಸ್‌ವರ್ಡ್ ಗೊತ್ತಿದ್ದವರು ಅಳಿಸಲಾಗದ ಜಾಗದಲ್ಲಿ ಒಂದು ಪ್ರತಿ ಇರಲೇಬೇಕು. ನಮ್ಮಲ್ಲಿ ಬ್ಯಾಕಪ್ ಯಂತ್ರವೇ ಸರ್ವರ್‌ಗೆ ಬಂದು ಪ್ರತಿಯನ್ನು ಎಳೆದುಕೊಳ್ಳುತ್ತದೆ, ಸರ್ವರ್‌ಗೆ ಆ ಯಂತ್ರದೊಳಗೆ ಪ್ರವೇಶವಿಲ್ಲ.

ಇನ್ನು ವಿದ್ಯಾರ್ಥಿಗಳಿರುವ ಕಡೆ ನಿಮಗೆ ಖಂಡಿತ ಎದುರಾಗುವುದು ಡಿಸ್ಕ್ ತುಂಬುವ ತೊಂದರೆ. ನಮ್ಮಲ್ಲಿಗೆ ಬಂದ ಒಂದು ತಂಡ ಕಬ್ಬಿನ ಎಲೆಯ ಚಿತ್ರ ನೋಡಿ ರೋಗ ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿತ್ತು. ಗದ್ದೆಗಳಲ್ಲಿ ತೆಗೆದ ಸಾವಿರಾರು ಚಿತ್ರಗಳನ್ನು ಒಂದು ಜಿಪ್ ಮಾಡಿ ರೆಪೊಗೆ ಸೇರಿಸಿದ್ದರು, ನಾಲ್ಕಾರು ಚಿತ್ರ ಹೆಚ್ಚಾದಾಗಲೆಲ್ಲ ಹೊಸ ಜಿಪ್ ಪುಶ್ ಮಾಡುತ್ತಿದ್ದರು. ಸಾಮಾನ್ಯ ಕೋಡ್ ಆದರೆ ಗಿಟ್ ಹಳೆಯ ಮತ್ತು ಹೊಸ ರೂಪಗಳ ವ್ಯತ್ಯಾಸವನ್ನಷ್ಟೇ ಒತ್ತಿ ಇಟ್ಟುಕೊಳ್ಳುತ್ತದೆ. ಜಿಪ್‌ನಂಥ ಮೊದಲೇ ಸಂಕುಚಿತವಾದ ಕಡತದಲ್ಲಿ ಹಾಗೆ ಉಳಿತಾಯವಾಗುವುದಿಲ್ಲ, ಪ್ರತಿ ಸಲವೂ ಹೆಚ್ಚುಕಡಿಮೆ ಪೂರ್ತಿ ಗಾತ್ರ ಸೇರುತ್ತದೆ. ಒಂದು ಸಂಜೆ ಡಿಸ್ಕ್ ನೂರಕ್ಕೆ ನೂರು ತುಂಬಿ, ಡೇಟಾಬೇಸ್ ಬರೆಯಲು ಜಾಗವಿಲ್ಲದೆ ನಿಂತಿತು, ಅದರೊಂದಿಗೆ ಎಲ್ಲರ ಕೆಲಸವೂ ನಿಂತಿತು. ಆ ಹುಡುಗರು ಕೂಡಲೇ ಜಿಪ್ ಅಳಿಸಿ ಕಮಿಟ್ ಮಾಡಿದರು (ಆ ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸಿದರು), ಆದರೆ ಇತಿಹಾಸದಲ್ಲಿ ಅದು ಉಳಿದೇ ಇರುವುದರಿಂದ ಒಂದು ಬೈಟ್ ಕೂಡ ಕಡಿಮೆಯಾಗಲಿಲ್ಲ. ಇತಿಹಾಸವನ್ನೇ ಮರಳಿ ಬರೆದು, ಎಲ್ಲರೂ ಹೊಸದಾಗಿ ಕ್ಲೋನ್ ಮಾಡಿಕೊಂಡ ಮೇಲೂ, ಯಾವುದಕ್ಕೂ ಸೇರದ ವಸ್ತುಗಳನ್ನು (ಕಡತ, ಕಮಿಟ್‌ಗಳನ್ನು ಗಿಟ್ ತನ್ನೊಳಗೆ ಇಟ್ಟುಕೊಳ್ಳುವ ತುಣುಕುಗಳು) ಗಿಟ್ ರೂಢಿಯಂತೆ ಎರಡು ವಾರ ಇಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲ ದಿನವೇ ಕಡತದ ಗಾತ್ರಕ್ಕೆ ಮಿತಿ ಹಾಕಿ. ಗಿಟ್‌ಹಬ್ 100 ಎಂಬಿ ದಾಟಿದ ಕಡತವನ್ನು ತಡೆಯುತ್ತದೆ. ಕಾಲೇಜಿಗೆ 20 ಎಂಬಿ ಧಾರಾಳ. ಡೇಟಾಬೇಸ್ ಮತ್ತು ರೆಪೊಗಳನ್ನು ಡಿಸ್ಕ್‌ನ ಬೇರೆ ಬೇರೆ ಪಾರ್ಟಿಶನ್‌ಗಳಲ್ಲಿ ಇಡಿ, ಒಂದು ತುಂಬಿದರೆ ಇನ್ನೊಂದು ನಿಲ್ಲಬಾರದು.

ಕಮಿಟ್‌ನೊಳಗೆ ಪಾಸ್‌ವರ್ಡ್ ಹೋದಾಗಲೂ ಇದೇ ನಿಯಮ: ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಅದು ಹೋಗುವುದಿಲ್ಲ, ಪಾಸ್‌ವರ್ಡ್‌ ಅನ್ನೇ ಬದಲಿಸಬೇಕು.

ಕರೆಂಟಿನ ವಿಷಯ ನಮ್ಮ ಊರುಗಳಲ್ಲಿ ಮರೆಯುವಂತಿಲ್ಲ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಒಂದು ಸಂಜೆ ಕರೆಂಟ್ ಹೋದಾಗ ಯುಪಿಎಸ್‌ನ ಹಳೆಯ ಬ್ಯಾಟರಿ ಎರಡು ನಿಮಿಷವೂ ತಡೆಯಲಿಲ್ಲ. ಮರುದಿನ ಒಂದು ರೆಪೊ ತೆರೆಯಲಿಲ್ಲ. ಪರಿಶೀಲಿಸಿದರೆ ಆಗಷ್ಟೇ ಪುಶ್ ಆಗಿದ್ದ ಕೆಲವು ವಸ್ತುಗಳು ಸೊನ್ನೆ ಬೈಟ್‌ನ ಖಾಲಿ ಕಡತಗಳಾಗಿದ್ದವು. ಪುಶ್ ಮಾಡಿದ ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ಅವೇ ವಸ್ತುಗಳು ಸುರಕ್ಷಿತವಾಗಿದ್ದುದರಿಂದ ತಂದು ತುಂಬಿಸಿದೆವು. ಕ್ಲೋನ್‌ಗಳೇ ಪ್ರತಿಗಳೆಂದು ಮೇಲೆ ಹೇಳಿದ್ದು ಇದನ್ನೇ. ಬರೆದದ್ದನ್ನು ಡಿಸ್ಕ್‌ಗೆ ತಲುಪಿಸಿಯೇ ಮುಂದುವರಿಯುವಂತೆ ಗಿಟ್‌ಗೆ ಹೇಳುವ ಸೆಟ್ಟಿಂಗ್ 2022ರ 2.36 ಆವೃತ್ತಿಯಿಂದ ಹೆಚ್ಚು ವಿವರವಾಗಿ ಲಭ್ಯವಿದೆ, ಅದನ್ನು ಪೂರ್ತಿಯಾಗಿ ಚಾಲೂ ಮಾಡಿ. ಯುಪಿಎಸ್ ಬ್ಯಾಟರಿ ಇಳಿದಾಗ ಸರ್ವರ್ ತಾನೇ ಕ್ರಮವಾಗಿ ಬಂದ್ ಆಗುವಂತೆ ಜೋಡಿಸಿ, ವಾರಕ್ಕೊಮ್ಮೆ ಎಲ್ಲ ರೆಪೊಗಳ ಮೇಲೆ ಎಫ್‌ಎಸ್‌ಸಿಕೆ (ಕೆಟ್ಟ ವಸ್ತುಗಳನ್ನು ಹುಡುಕುವ ಗಿಟ್ ಆಜ್ಞೆ) ಪರಿಶೀಲನೆ ಓಡಿಸಿ.

ಉಳಿದದ್ದು ಬೇಗ ಹೇಳಬಹುದು. ಭದ್ರತಾ ಅಪ್‌ಡೇಟ್ ಬಂದ ವಾರದಲ್ಲೇ ಹಾಕಿ, ಹಾಕುವ ಮುನ್ನ ಡಂಪ್ ತೆಗೆಯಿರಿ, ಏಕೆಂದರೆ ಹೊಸ ಆವೃತ್ತಿ ಡೇಟಾಬೇಸ್ ರಚನೆಯನ್ನು ಬದಲಿಸಿದ ಮೇಲೆ ಹಳೆಯದಕ್ಕೆ ಹಿಂತಿರುಗಲು ದಾರಿಯಿಲ್ಲ. ಕೋಡಿನ ಪರೀಕ್ಷೆಗಳನ್ನು ತಾನಾಗಿ ಓಡಿಸುವ ರನ್ನರ್ ಯಾರೋ ಬರೆದ ಕೋಡನ್ನು ನಡೆಸುವ ಯಂತ್ರ, ಅದನ್ನು ಸರ್ವರ್ ಮೇಲೆಯೇ ಇಡಬೇಡಿ. ಸರ್ವರ್ ಹೊರಗಿನ ಇಂಟರ್ನೆಟ್‌ಗೆ ತೆರೆದಿದ್ದರೆ ಎಐ ಕಂಪನಿಗಳ ಬಾಟ್‌ಗಳು ಪ್ರತಿ ಕಮಿಟ್‌ನ ಪ್ರತಿ ಕಡತದ ಪುಟವನ್ನೂ ಕೇಳುತ್ತ ಪ್ರೊಸೆಸರ್ ಹಿಂಡುತ್ತವೆ. ಲಾಗಿನ್ ಆದವರಿಗೆ ಮಾತ್ರ ಪುಟ ಕಾಣುವ ಸೆಟ್ಟಿಂಗ್ ಗಿಟೀಯಲ್ಲೇ ಇದೆ, ಕಾಲೇಜಿಗೆ ಅಷ್ಟು ಸಾಕು.

ಇಷ್ಟೆಲ್ಲ ಏಕೆ, ಗಿಟ್‌ಹಬ್‌ನಲ್ಲಿ ಇಟ್ಟರಾಗದೇ ಎಂದು ನಿಮ್ಮ ವಿಭಾಗದಲ್ಲಿ ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವಿದ್ಯಾರ್ಥಿಗಳು ಕೆಲಸ ಹುಡುಕುವಾಗ ತೋರಿಸಬೇಕಾದ ಕೋಡ್ ಅಲ್ಲಿಯೂ ಇರಲಿ ಎಂಬುದೇ ನನ್ನ ಸಲಹೆ. ಆದರೆ ಇಂಥದ್ದೇ ಸೇವೆಗಳ ಪೈಕಿ 2006ರಲ್ಲಿ ಶುರುವಾದ ಗೂಗಲ್ ಕೋಡ್ 2016ರ ಜನವರಿಯಲ್ಲಿ ಮುಚ್ಚಿತು, ಗಿಟೋರಿಯಸ್ 2015ರಲ್ಲಿ ನಿಂತಿತು. ಬೇರೆಯವರ ಮನೆಯಲ್ಲಿಟ್ಟ ಸಾಮಾನಿನ ಒಂದು ಪ್ರತಿ ನಮ್ಮಲ್ಲಿರಬೇಕು. ಬೇರೆಡೆಯ ರೆಪೊವನ್ನು ಆಗಾಗ ನಕಲಿಸಿಕೊಳ್ಳುವ ಗಿಟೀಯ ಮಿರರ್ ಸೌಲಭ್ಯದಿಂದ ಅದು ತಾನಾಗಿಯೇ ಆಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಸರ್ವರ್ ಹೇಗೆ ಬದುಕಿರುತ್ತದೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳು ಕೈಯಾರೆ ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಯೋಗಾಲಯವನ್ನು ನಾನು ಕಾಣೆ.

ಸರ್ವರನ್ನು ಮತ್ತೆ ಕಟ್ಟಲು ಬಲ್ಲವರು ಒಬ್ಬರೇ ಆಗಬಾರದೆಂದೇ ಇಬ್ಬರು ಬೇಕೆಂದು ಒತ್ತಿ ಹೇಳುತ್ತಿದ್ದೇನೆ. ನಮ್ಮಲ್ಲಿ ಪ್ರತಿ ಹೆಜ್ಜೆಯನ್ನೂ ಬರೆದಿಟ್ಟ ಒಂದು ನೋಟ್‌ಬುಕ್ ಇದೆ. ಮೂರು ತಿಂಗಳಿಗೊಮ್ಮೆಯ ತಾಲೀಮನ್ನು ಈಗ ನಾನು ಮಾಡುವುದಿಲ್ಲ. ನನ್ನ ಸಹೋದ್ಯೋಗಿ ಆ ನೋಟ್‌ಬುಕ್ ಮಾತ್ರ ನೋಡಿಕೊಂಡು ಮಾಡುತ್ತಾರೆ, ನಾನು ಪಕ್ಕದಲ್ಲಿ ಮಾತಾಡದೆ ಕೂರುತ್ತೇನೆ, ಅವರು ಎಲ್ಲಿ ತಡೆಯುತ್ತಾರೋ ಅಲ್ಲಿ ಒಂದು ಸಾಲು ಸೇರಿಸುತ್ತೇನೆ. ನೀವು ವಿಭಾಗದ ಇನ್ನೊಬ್ಬ ಅಧ್ಯಾಪಕರನ್ನೋ ಲ್ಯಾಬ್ ಸಹಾಯಕರನ್ನೋ ಮೊದಲ ದಿನದಿಂದಲೇ ಜೊತೆಗೆ ಸೇರಿಸಿಕೊಳ್ಳಿ, ವಿದ್ಯಾರ್ಥಿಗಳಿಗೆ ಖಾತೆ ತೆರೆಯುವ ಮುನ್ನವೇ ಒಂದು ಸಲ ಸರ್ವರನ್ನು ಪೂರ್ತಿ ಅಳಿಸಿ ಅವರ ಕೈಯಿಂದಲೇ ಬ್ಯಾಕಪ್‌ನಿಂದ ಮತ್ತೆ ಕಟ್ಟಿಸಿ.