ಪಿನ್‌ಕೋಡ್ ಒಡೆದು ನೋಡಿದರೆ

ಪ್ರಶ್ನೆ: ನಮ್ಮೂರು ಚಿಕ್ಕಮಗಳೂರು, ಪಿನ್‌ಕೋಡ್ 577101. ಕೊನೆಯಲ್ಲಿ 1 ಇರೋದರಿಂದ ಇದು ಅವಿಭಾಜ್ಯ ಸಂಖ್ಯೆ ಎಂದು ಒಂಬತ್ತನೇ ಕ್ಲಾಸಿನ ಮಗಳು ಹಟ ಹಿಡಿದಿದ್ದಾಳೆ. ರಜೆಗೆ ಬಂದಿರುವ ಅವಳ ಅತ್ತೆ ಮಗ ಹಾಸನದವನು. ‘ನಮ್ಮ 573201 ಇದಕ್ಕಿಂತ ವಿಶೇಷ’ ಅಂತಾನೆ. ಕ್ಯಾಲ್ಕುಲೇಟರ್ ಮುಟ್ಟದೆ ಈ ಜಗಳ ಬಗೆಹರಿಸುವುದು ಹೇಗೆ?

ಉತ್ತರ: ಮಗಳ ವಾದ ಮೊದಲ ಏಟಿಗೇ ಬೀಳುತ್ತದೆ, ಪಾಪ. ಅಂಕಿಗಳನ್ನು ಕೂಡಿ: 5+7+7+1+0+1 = 21. ಇದು ಮೂರರ ಮಗ್ಗಿಯಲ್ಲಿದೆ. ಹಾಗಾಗಿ 577101 ಕೂಡ ಮೂರಕ್ಕೆ ಹೋಗುತ್ತದೆ. ಕೊನೆಯ 1 ನಂಬಬೇಡಿ, 21 ಕೂಡ 1ರಲ್ಲೇ ಮುಗಿಯುತ್ತದೆ ಅಲ್ವಾ? ಹಾಸನದ ಅಂಕಿಗಳ ಮೊತ್ತ 18. ಅದು ಒಂಬತ್ತಕ್ಕೇ ಹೋಗುತ್ತದೆ. ಎರಡೂ ಅವಿಭಾಜ್ಯ ಅಲ್ಲ.

ಏಳರ ಪರೀಕ್ಷೆ ಇನ್ನೂ ಮಜಾ. ಪಿನ್‌ಕೋಡನ್ನು ಮೂರು ಮೂರು ಅಂಕಿಯಾಗಿ ಮುರಿಯಿರಿ: 577, 101. (ಅಂಚೆಯವರಿಗೂ ಮೊದಲ ಮೂರು ಅಂಕಿ ಬೇರೆಯೇ ಲೆಕ್ಕ. 577 ಶಿವಮೊಗ್ಗ, ದಾವಣಗೆರೆಗೂ ಅದೇ.) ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 476. ಅದು 7×68. ಅಷ್ಟಾದರೆ ಇಡೀ ಸಂಖ್ಯೆಯೇ ಏಳಕ್ಕೆ ಹೋಗುತ್ತದೆ.

ಇದರ ಗುಟ್ಟು 1001ರಲ್ಲಿದೆ. ಅದು 7×11×13. ನಮ್ಮ ಸಂಖ್ಯೆ ಅಂದರೆ 577 ಸಾವಿರ, ಮೇಲೆ 101. ಪ್ರತಿ ಸಾವಿರದ ಜಾಗದಲ್ಲಿ 1001 ಇಟ್ಟರೆ 577 ಜಾಸ್ತಿ ಆಯಿತು. ಮೇಲಿನ 101 ಅದರಲ್ಲಿ ವಜಾ ಹಾಕಿದರೆ, ಜಾಸ್ತಿಯಾಗಿದ್ದು 476. ಅಂದರೆ 577101 = 577×1001 − 476. ಮೊದಲ ಭಾಗ ಹೇಗೂ ಏಳಕ್ಕೆ ಹೋಗುತ್ತದೆ, ನೋಡಬೇಕಾದ್ದು 476 ಮಾತ್ರ. 11 ಮತ್ತು 13ಕ್ಕೂ ಇದೊಂದೇ ಲೆಕ್ಕ ಸಾಕು. 476 ಆ ಎರಡಕ್ಕೂ ಹೋಗಲ್ಲ. ಹಾಸನದಲ್ಲಿ 573−201 = 372, ಅದು ಏಳು, ಹನ್ನೊಂದು, ಹದಿಮೂರು ಯಾವುದಕ್ಕೂ ಬಗ್ಗಲ್ಲ.

3 ಮತ್ತು 7 ತೆಗೆದರೆ ಚಿಕ್ಕಮಗಳೂರಿನಲ್ಲಿ ಉಳಿಯುವುದು 27481. 166×166 ಇದನ್ನು ದಾಟುತ್ತದೆ, ಹಾಗಾಗಿ 163ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ನೋಡುತ್ತಾ ಕೂತೆ, ಕಾಫಿ ಆರಿಹೋಯಿತು. ಒಂದಕ್ಕೂ ಹೋಗಲಿಲ್ಲ, ಅದು ಅವಿಭಾಜ್ಯ. ಹಾಸನದ್ದು 9×63689. ಆ 63689 ಕೂಡ ಅವಿಭಾಜ್ಯ.

ಇನ್ನು ‘ವಿಶೇಷ’ದ ಮಾತು. ಇಲ್ಲಿ ಹುಡುಗನಿಗೆ ಒಂದು ಪಾಯಿಂಟ್ ಕೊಡಲೇಬೇಕು. 705×705 + 276×276 ಎಷ್ಟು? ಸರಿಯಾಗಿ 573201! ಹೀಗೆ ಎರಡು ವರ್ಗ ಕೂಡಿಸಿ 577101 ತರಲು ಯಾರಿಂದಲೂ ಆಗಲ್ಲ. ನಾಲ್ಕರಿಂದ ಭಾಗಿಸಿದಾಗ 3 ಉಳಿಸುವ 3, 7, 11ರಂಥ ಅವಿಭಾಜ್ಯಗಳು ಜೋಡಿ ಜೋಡಿಯಾಗಿಯೇ ಬರಬೇಕು ಅನ್ನುವುದು ನಿಯಮ. ಹಾಸನದಲ್ಲಿ 3 ಎರಡು ಸಲ ಇದೆ. ಚಿಕ್ಕಮಗಳೂರಿನಲ್ಲಿ 3 ಒಂಟಿ, 7 ಒಂಟಿ.

ಅದೇ 1 ಉಳಿಸುವ ಅವಿಭಾಜ್ಯವಾದರೆ ಎರಡು ವರ್ಗಗಳ ಮೊತ್ತ ಆಗಿಯೇ ಆಗುತ್ತದೆ, ಅದೂ ಒಂದೇ ರೀತಿಯಲ್ಲಿ. 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಇದನ್ನು ಹೇಳಿ ಸುಮ್ನಾದ. ಸಾಧಿಸಿ ತೋರಿಸಿದ್ದು ನೂರು ವರ್ಷದ ಮೇಲೆ ಇನ್ನೊಬ್ಬ ಗಣಿತಜ್ಞ ಆಯ್ಲರ್. ಮಗಳ 27481 ಈ ಜಾತಿಯದ್ದೇ: 165×165 + 16×16. ಹುಡುಗನ 63689 ಕೂಡ ಹೌದು. ಅದರ ಜೋಡಿ ಅವನೇ ಹುಡುಕಲಿ, 705 ಮತ್ತು 276ರ ಕಡೆ ಒಮ್ಮೆ ನೋಡಿದರೆ ಸಿಕ್ಕಿಬಿಡುತ್ತದೆ.