ಬದಲಾಗದ್ದನ್ನು ಕಂಪ್ಯೂಟರಿಗೆ ಹೇಳುವುದು ಹೇಗೆ?

ಕಳೆದ ಸಂಚಿಕೆಯ ಕೃತಕ ಬುದ್ಧಿಮತ್ತೆ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದು ಹೀಗಿದೆ: 'ಒಂದು ಕೆಲಸದಿಂದ ಏನು ಬದಲಾಗುತ್ತದೆ ಅಂತ ಕಂಪ್ಯೂಟರಿಗೆ ಹೇಳಿ, ಉಳಿದದ್ದೆಲ್ಲ ಇದ್ದ ಹಾಗೇ ಇರುತ್ತದೆ ಅಂತ ಒಂದು ಸಾಲು ಸೇರಿಸಿದರೆ ಸಾಕಲ್ವಾ? ಇಷ್ಟಕ್ಕೆ ಪಂಡಿತರು ಯಾಕೆ ತಲೆ ಕೆಡಿಸಿಕೊಂಡರು?'

ಆ ಒಂದು ಸಾಲೇ ಅವರ ತಲೆ ಕೆಡಿಸಿದ್ದು.

ಕಂಪ್ಯೂಟರ್ ಇಲ್ಲಿ ನಡೆಯುವುದು ತರ್ಕದ ವಾಕ್ಯಗಳ ಮೇಲೆ, ಆ ತರ್ಕಕ್ಕೆ ನಾವು ಬರೆದುಕೊಟ್ಟದ್ದಷ್ಟೇ ಗೊತ್ತು. ಬಾಗಿಲು ತೆರೆದ ಮೇಲೂ ದೀಪ ಉರಿಯುತ್ತಿದೆ ಎಂದು ಅದಕ್ಕೆ ಬೇರೆಯಾಗಿ ಹೇಳಬೇಕು. ನೂರು ಕ್ರಿಯೆ, ನೂರು ಸ್ಥಿತಿ ಇದ್ದರೆ ಇಂಥ ವಾಕ್ಯಗಳು ಹತ್ತಿರ ಹತ್ತಿರ 10,000 ಆಗುತ್ತವೆ. 1969ರಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧಕರಾದ ಜಾನ್ ಮೆಕಾರ್ಥಿ ಮತ್ತು ಪ್ಯಾಟ್ರಿಕ್ ಹೇಯ್ಸ್ ಎತ್ತಿ ತೋರಿಸಿದ 'ಫ್ರೇಮ್ ಪ್ರಾಬ್ಲಮ್' ಇದೇ.

ನಿಮ್ಮ ಉಪಾಯವನ್ನು ಪಂಡಿತರೂ ನೋಡಿದರು. 'ಆದಷ್ಟು ಕಡಿಮೆ ಬದಲಾವಣೆ ಆಗಿದೆ ಅಂದುಕೋ' ಎಂದು ತರ್ಕಕ್ಕೆ ಹೇಳಿದರು. ಆಗ ಸ್ಟೀವ್ ಹ್ಯಾಂಕ್ಸ್ ಮತ್ತು ಡ್ರೂ ಮೆಕ್‌ಡರ್ಮಟ್ ಒಂದು ಪುಟ್ಟ ಕಥೆ ಮುಂದಿಟ್ಟರು. ಬಂದೂಕಿಗೆ ಗುಂಡು ತುಂಬಿದರು, ಸ್ವಲ್ಪ ಹೊತ್ತು ಕಾದರು, ಹೊಡೆದರು. ಎದುರಿಗಿದ್ದವನು ಸತ್ತನೇ? (ಮೂಲದಲ್ಲಿ ಗುರಿ ಒಬ್ಬ ಮನುಷ್ಯ. ಆಮೇಲೆ ಕಥೆ ಹೇಳಿದವರು, ಪಾಪ ಅನ್ನಿಸಿತೋ ಏನೋ, ಅವನನ್ನು ಟರ್ಕಿ ಕೋಳಿ ಮಾಡಿಬಿಟ್ಟರು.) ಸತ್ತ ಅಂತ ನೀವೂ ನಾನೂ ಹೇಳುತ್ತೇವೆ. ತರ್ಕ ಮಾತ್ರ ಇನ್ನೊಂದು ಕಥೆಯನ್ನೂ ಒಪ್ಪಿತು: ಕಾಯುವ ಹೊತ್ತಿನಲ್ಲಿ ಸುಮ್ನೆ, ಯಾರೂ ಮುಟ್ಟದೆ, ಬಂದೂಕು ಖಾಲಿಯಾಯಿತು, ಆಸಾಮಿ ಬದುಕಿದ! ಒಂದು ಕಥೆಯಲ್ಲಿ ಜೀವ ಹೋಯಿತು, ಇನ್ನೊಂದರಲ್ಲಿ ಗುಂಡು ಹೋಯಿತು. ಬದಲಾವಣೆಯ ಲೆಕ್ಕದಲ್ಲಿ ಯಾವುದೂ ಜಾಸ್ತಿ ಅಲ್ಲ. 'ಕಡಿಮೆ ಬದಲಾವಣೆ' ಎಂಬ ನಿಯಮಕ್ಕೆ ಎರಡರಲ್ಲಿ ಒಂದನ್ನು ಆರಿಸುವ ದಾರಿಯೇ ಇಲ್ಲ.

ರಾಬರ್ಟ್ ಕೊವಾಲ್ಸ್ಕಿ ಮತ್ತು ಮಾರೆಕ್ ಸೆರ್ಗಾಟ್ 1986ರಲ್ಲಿ ಕೊಟ್ಟ ಇವೆಂಟ್ ಕ್ಯಾಲ್ಕ್ಯುಲಸ್ ಎಂಬ ತರ್ಕಪದ್ಧತಿ ನನಗೆ ಹಿಡಿಸುವುದು ಇಲ್ಲಿಯೇ. ಅದು ಲೆಕ್ಕ ಇಡುವುದು ಘಟನೆಗಳದ್ದು. ಒಂದು ಘಟನೆ ಒಂದು ಸ್ಥಿತಿಯನ್ನು ಶುರುಮಾಡುತ್ತದೆ. ಇನ್ನೊಂದು ಘಟನೆ ಬಂದು ಮುಗಿಸುವವರೆಗೆ ಅದು ಹಾಗೇ ಇರುತ್ತದೆ. ಗುಂಡು ತೆಗೆದ ಘಟನೆ ಪಟ್ಟಿಯಲ್ಲಿ ಇಲ್ಲ, ಅಂದರೆ ಅದು ನಡೆದಿಲ್ಲ. ಬಂದೂಕು ತುಂಬಿಯೇ ಇದೆ. 1991ರಲ್ಲಿ ರೇ ರೈಟರ್ ಬೇರೆ ದಾರಿ ಹಿಡಿದರು: ಒಂದೊಂದು ಸ್ಥಿತಿಗೂ, ಅದನ್ನು ಬದಲಿಸಬಲ್ಲ ಕ್ರಿಯೆಗಳನ್ನೆಲ್ಲ ಸೇರಿಸಿ, ಒಂದೇ ವಾಕ್ಯ. ನೂರು ಸ್ಥಿತಿಗೆ ನೂರೇ ವಾಕ್ಯ.

ಈ ಎರಡು ದಾರಿಗಳಲ್ಲೂ ಪಟ್ಟಿ ಪೂರ್ತಿ ಇರಬೇಕು. ನಾವು ಬರೆಯಲು ಮರೆತ ಕಾರಣವನ್ನು ಕಂಪ್ಯೂಟರ್ ತಾನಾಗಿ ಊಹಿಸುವುದಿಲ್ಲ.

ಎರಡನೆಯ ಪ್ರಶ್ನೆ ಚಿಕ್ಕದು: ಆ ಲೇಖನದಲ್ಲಿ ಎರಡು ಘಟನೆಗಳ ನಡುವೆ 13 ಬಗೆಯ ಕಾಲಸಂಬಂಧ ಎಂದು ಅಚ್ಚಾಗಿದೆ, ಅದು 3 ಆಗಬೇಕಿತ್ತೇ? ಇಲ್ಲ, 13 ಸರಿ. ಮೊದಲು, ಆಮೇಲೆ, ಒಟ್ಟಿಗೆ ಎಂಬ ಮೂರು ಸಾಕಾಗುವುದು ಕ್ಷಣಗಳಿಗೆ. ಘಟನೆಗೆ ಆರಂಭ, ಕೊನೆ ಎರಡೂ ಇರುತ್ತವೆ. ಹಾಗಾಗಿ ಒಂದು ಮುಗಿದ ಕ್ಷಣವೇ ಇನ್ನೊಂದು ಶುರುವಾಗಬಹುದು, ಅರ್ಧಂಬರ್ಧ ಒಂದರ ಮೇಲೊಂದು ಬರಬಹುದು, ಒಂದರೊಳಗೇ ಇನ್ನೊಂದು ನಡೆದುಹೋಗಬಹುದು. ಜೇಮ್ಸ್ ಅಲೆನ್ 1983ರಲ್ಲಿ ಇಂಥ ಆರು ಸಂಬಂಧ, ಅವುಗಳ ತಿರುವುಮುರುವು ಆರು, ಜೊತೆಗೆ ಎರಡೂ ಪೂರ್ತಿ ಒಟ್ಟಿಗೆ ನಡೆಯುವ ಒಂದನ್ನು ಪಟ್ಟಿ ಮಾಡಿದರು.