ಮನೆಯಲ್ಲಿ ಮಾಡಿದ ಸೋಪಿಗೂ ನೋಂದಣಿ ಬೇಕಾ?

ಪ್ರಶ್ನೆ: ಮೇಡಂ, ನಾನು ಮೆಲ್ಬರ್ನ್‌ನಲ್ಲಿದ್ದೇನೆ. ತೆಂಗಿನೆಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಮನೆಯಲ್ಲೇ ಸೋಪು ಮಾಡಿ ಭಾನುವಾರದ ಮಾರ್ಕೆಟ್‌ನಲ್ಲಿ ಮಾರುತ್ತೇನೆ. ತಿಂಗಳಿಗೆ ನೂರು ಸೋಪು ಅಷ್ಟೇ. ಸಾಮಾನೆಲ್ಲ ಇಲ್ಲಿನ ಅಂಗಡಿಯದ್ದು. ಮೊನ್ನೆ ಪಕ್ಕದ ಸ್ಟಾಲ್‌ನವರು, ಕೆಮಿಕಲ್ಸ್ ನೋಂದಣಿ ಆಗಿದೆಯಾ ಅಂತ ಕೇಳಿದರು. ನಾನೇನು ಫ್ಯಾಕ್ಟರಿ ಇಟ್ಟಿಲ್ಲವಲ್ಲ, ನನಗೂ ಬೇಕಾ?
– ಒಬ್ಬ ಓದುಗರು, ಮೆಲ್ಬರ್ನ್

ಉತ್ತರ: ಬೇಕು. ಮುಂದಿನ ಮಾರ್ಕೆಟ್‌ಗೆ ಹೋಗುವ ಮೊದಲೇ ಮಾಡಿಸಿಕೊಳ್ಳಿ.

ನಿಮಗೆ ಆಶ್ಚರ್ಯವಾಗುವುದು ಸಹಜ. 'ಇಂಡಸ್ಟ್ರಿಯಲ್ ಕೆಮಿಕಲ್' ಅಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಚಿಮಣಿ, ಟ್ಯಾಂಕರ್, ಹೊಗೆ. ಆಸ್ಟ್ರೇಲಿಯಾದ ಕಾನೂನಿನಲ್ಲಿ ಆ ಮಾತಿನ ಅರ್ಥ ಬೇರೆ. ಔಷಧ, ಕೀಟನಾಶಕ, ಆಹಾರ ಇವಕ್ಕೆ ಬೇರೆ ಬೇರೆ ಇಲಾಖೆಗಳಿವೆ. ಅವುಗಳ ಲೆಕ್ಕಕ್ಕೆ ಬಾರದ ಬಣ್ಣ, ಅಂಟು, ಸೋಪು, ಶಾಂಪೂ, ಲಿಪ್‌ಸ್ಟಿಕ್, ಸೆಂಟು ಎಲ್ಲದರೊಳಗಿನ ಕೆಮಿಕಲ್‌ಗಳೂ ಇಂಡಸ್ಟ್ರಿಯಲ್ ಕೆಮಿಕಲ್‌ಗಳೇ. ಇವನ್ನು ನೋಡಿಕೊಳ್ಳುವ ವ್ಯವಸ್ಥೆಯ ಹೆಸರು ಆಸ್ಟ್ರೇಲಿಯನ್ ಇಂಡಸ್ಟ್ರಿಯಲ್ ಕೆಮಿಕಲ್ಸ್ ಇಂಟ್ರೊಡಕ್ಷನ್ ಸ್ಕೀಮ್, ಚಿಕ್ಕದಾಗಿ ಎಐಸಿಐಎಸ್. 2019ರ ಕಾಯ್ದೆಯ ಪ್ರಕಾರ 2020ರ ಜುಲೈ 1ರಿಂದ ಶುರುವಾಯಿತು. ಅದಕ್ಕೂ ಮೊದಲು 1990ರಿಂದ ನಿಕ್ನಾಸ್ ಅಂತ ಇನ್ನೊಂದು ವ್ಯವಸ್ಥೆ ಇತ್ತು.

'ಇಂಟ್ರೊಡಕ್ಷನ್' ಅಂದರೆ ದೇಶದೊಳಗೆ ಒಂದು ಕೆಮಿಕಲ್ ಹೊಸದಾಗಿ ಬಂದು ಸೇರುವುದು. ಅದು ಎರಡು ದಾರಿಯಲ್ಲಿ ಆಗುತ್ತದೆ: ಹೊರಗಿನಿಂದ ತರಿಸುವುದು, ಇಲ್ಲಾ ಇಲ್ಲೇ ತಯಾರಿಸುವುದು. ನೀವು ಏನನ್ನೂ ತರಿಸಿಲ್ಲ, ಸರಿ. ಆದರೆ ತೆಂಗಿನೆಣ್ಣೆಗೆ ಕಾಸ್ಟಿಕ್ ಸೋಡಾ ಬಿದ್ದಾಗ ಏನಾಗುತ್ತದೆ ನೋಡಿ. ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ, ಸೋಡಾ ಸೋಡಾ ಆಗಿ ಉಳಿಯುವುದಿಲ್ಲ, ಎರಡೂ ಸೇರಿ ಸೋಡಿಯಂ ಕೋಕೋಯೇಟ್ ಅನ್ನುವ ಮೂರನೆಯ ವಸ್ತು, ಅಂದರೆ ನಿಮ್ಮ ಸೋಪು, ಜೊತೆಗೆ ಗ್ಲಿಸರಿನ್ ಹುಟ್ಟುತ್ತವೆ. ಕಾನೂನಿನ ಕಣ್ಣಲ್ಲಿ ಇದು ಕೆಮಿಕಲ್ ತಯಾರಿಕೆ, ಅದು ಅಡುಗೆಮನೆಯ ಪಾತ್ರೆಯಲ್ಲಿ ನಡೆದರೂ ಅಷ್ಟೇ. ಮಾರುವುದಕ್ಕೆ ಮಾಡುತ್ತಿದ್ದೀರಿ ಅಂದಮೇಲೆ ನೂರು ಸೋಪಾದರೂ ಲಕ್ಷ ಸೋಪಾದರೂ ನೋಂದಣಿ ಬೇಕೇ ಬೇಕು.

ಅದೇ, ನಿಮ್ಮೂರಿನ ಅಂಗಡಿಯಲ್ಲಿ ಸಿಗುವ ಸೋಪ್ ಬೇಸ್, ಅಂದರೆ ಆಗಲೇ ತಯಾರಾದ ಸೋಪಿನ ಗಟ್ಟಿ ತಂದು, ಕರಗಿಸಿ, ಇಲ್ಲೇ ಕೊಂಡ ಬಣ್ಣ, ಪರಿಮಳ ಬೆರೆಸಿ ಅಚ್ಚಿಗೆ ಹೊಯ್ದಿದ್ದರೆ ನೋಂದಣಿ ಬೇಕಿರಲಿಲ್ಲ. ಅಲ್ಲಿ ಬೆರೆಸಿದ್ದಷ್ಟೇ, ಹೊಸದೇನೂ ಹುಟ್ಟಲಿಲ್ಲ. ಆದರೆ ಆ ಸೋಪಿಗೆ ಅಂತ ಮೈಸೂರಿನಿಂದ ನೀವೇ ಒಂದು ಬಾಟಲಿ ಗಂಧದೆಣ್ಣೆ ತರಿಸಿದರೆ ಮತ್ತೆ ಬೇಕು. 'ನ್ಯಾಚುರಲ್' ಅನ್ನುವ ಕಾರಣಕ್ಕೆ ಯಾರಿಗೂ ನೋಂದಣಿಯಿಂದ ವಿನಾಯಿತಿ ಇಲ್ಲ.

ನೋಂದಣಿ ಅಂದರೆ ಆನ್‌ಲೈನ್‌ನಲ್ಲಿ ನಿಮ್ಮ ವ್ಯವಹಾರದ ಹೆಸರು ಕೊಟ್ಟು ಶುಲ್ಕ ಕಟ್ಟುವುದು. ನೀವು ತರಿಸುವ ಅಥವಾ ತಯಾರಿಸುವ ಕೆಮಿಕಲ್‌ಗಳ ಬೆಲೆ ಎಷ್ಟು ಅನ್ನುವುದರ ಮೇಲೆ ಶುಲ್ಕ ನಿಂತಿದೆ, ಚಿಕ್ಕವರಿಗೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ನೋಂದಣಿಯ ವರ್ಷ ಸೆಪ್ಟೆಂಬರ್ 1ಕ್ಕೆ ಶುರುವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ, ಪ್ರತಿವರ್ಷ ನವೀಕರಿಸಬೇಕು. ಮುಗಿದ ವರ್ಷದ ಬಗ್ಗೆ ನವೆಂಬರ್ 30ರೊಳಗೆ ಒಂದು ಘೋಷಣೆ ಕೊಡಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ, ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಆಮೇಲಿನದು ಮುಖ್ಯ ಕೆಲಸ. ಸರ್ಕಾರ 40,000ಕ್ಕೂ ಹೆಚ್ಚು ಕೆಮಿಕಲ್‌ಗಳ ಒಂದು ಪಟ್ಟಿ ಇಟ್ಟಿದೆ, ಅದಕ್ಕೆ ಇನ್ವೆಂಟರಿ ಅನ್ನುತ್ತಾರೆ. ಕೆಮಿಕಲ್‌ಗಳಿಗೆ ಸಿಎಎಸ್ ಸಂಖ್ಯೆ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಹಾಕಿ ಹುಡುಕಿ. ಪಟ್ಟಿಯಲ್ಲಿದ್ದರೆ, ಅದರ ಪಕ್ಕ ಬರೆದ ಷರತ್ತುಗಳನ್ನು ಪಾಲಿಸಿ ಕೆಲಸ ಮುಂದುವರಿಸಬಹುದು, ದಾಖಲೆ ಮಾತ್ರ ಇಟ್ಟುಕೊಂಡಿರಬೇಕು. ಪಟ್ಟಿಯಲ್ಲಿ ಇಲ್ಲದಿದ್ದರೆ, ಅದರಿಂದ ಜನರಿಗೂ ಪರಿಸರಕ್ಕೂ ಎಷ್ಟು ಅಪಾಯ ಅಂತ ನೀವೇ ಲೆಕ್ಕ ಹಾಕಬೇಕು. ಅಪಾಯ ತೀರಾ ಕಡಿಮೆ ಇದ್ದರೆ ಮುಂಚಿತ ವರದಿಯಿಂದ ವಿನಾಯಿತಿ (ನೋಂದಣಿಯಿಂದಲ್ಲ), ಸ್ವಲ್ಪ ಇದ್ದರೆ ತಯಾರಿಸುವ ಮೊದಲೇ ವರದಿ, ಅದಕ್ಕಿಂತ ಜಾಸ್ತಿ ಇದ್ದರೆ ಸರ್ಕಾರ ಪರೀಕ್ಷಿಸಿ ಪ್ರಮಾಣಪತ್ರ ಕೊಡುವವರೆಗೆ ಕಾಯಬೇಕು.

ಇಷ್ಟೆಲ್ಲ ಯಾಕೆ ಅಂತ ನಿಮಗೆ ಬೇಜಾರಾಗಬಹುದು. ನನಗೆ ಈ ವ್ಯವಸ್ಥೆ ನ್ಯಾಯವಾಗಿಯೇ ಕಾಣುತ್ತದೆ. ಅಮೆರಿಕದಲ್ಲಿ 1976ರಲ್ಲಿ ಕಾನೂನು ಬಂದಾಗ, ಆಗಲೇ ಬಳಕೆಯಲ್ಲಿದ್ದ ಸುಮಾರು 62,000 ಕೆಮಿಕಲ್‌ಗಳನ್ನು ಪರೀಕ್ಷೆಯಿಲ್ಲದೆ ಹಾಗೇ ಒಳಗೆ ಬಿಟ್ಟುಕೊಂಡರು. ಅವನ್ನು ಒಂದೊಂದಾಗಿ ಪರೀಕ್ಷಿಸಲೇಬೇಕು ಅನ್ನುವ ತಿದ್ದುಪಡಿ ಬಂದಿದ್ದು 2016ರಲ್ಲಿ, ಅಷ್ಟರಲ್ಲಿ 40 ವರ್ಷ ಕಳೆದಿತ್ತು. ಜನರ ಮೈಮೇಲೆ ಬಿದ್ದಮೇಲೆ ಹುಡುಕುವುದಕ್ಕಿಂತ, ಯಾರು ತಂದರು, ಏನು ತಂದರು ಅಂತ ಬಾಗಿಲಲ್ಲೇ ಬರೆದಿಟ್ಟುಕೊಳ್ಳುವುದು ಮೇಲು ಅಲ್ವಾ? ನಿಮ್ಮ ಸೋಪು ಯಾವುದೋ ಮಗುವಿನ ಚರ್ಮಕ್ಕೂ ತಾಗುತ್ತದೆ. ಅಂದಹಾಗೆ, ಸೋಪಿನಲ್ಲಿ ಏನೇನಿದೆ ಅನ್ನುವ ಪಟ್ಟಿಯನ್ನು ಗ್ರಾಹಕರಿಗೆ ಕಾಣುವ ಹಾಗೆ ಕೊಡುವುದೂ ಆಸ್ಟ್ರೇಲಿಯಾದಲ್ಲಿ ಕಡ್ಡಾಯ.

ಪ್ರಶ್ನೆ: ನಮ್ಮ ದೇಶದಲ್ಲಿ ಹೊಸ ಕೆಮಿಕಲ್ ತರುವವರನ್ನು ಹೀಗೆ ಕೇಳುವವರು ಯಾರೂ ಇಲ್ವಾ?
– ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಇದ್ದಾರೆ, ಆದರೆ ಕೇಳುವ ಪ್ರಶ್ನೆ ಬೇರೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತರು. ಆ ಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು, 1989ರಲ್ಲಿ ಅಪಾಯಕಾರಿ ಕೆಮಿಕಲ್‌ಗಳ ತಯಾರಿಕೆ, ಸಂಗ್ರಹ, ಆಮದಿನ ನಿಯಮಗಳು ಬಂದವು. ಅವು ಮುಖ್ಯವಾಗಿ ನೋಡುವುದು ದೊಡ್ಡ ದುರಂತ ತಪ್ಪಿಸುವುದನ್ನು: ಎಷ್ಟು ಟನ್ ಇಟ್ಟಿದ್ದೀರಿ, ಸೋರಿದರೆ ಏನು ಮಾಡುತ್ತೀರಿ, ಸುತ್ತಲಿನ ಜನರಿಗೆ ತಿಳಿಸಿದ್ದೀರಾ.

ಕೀಟನಾಶಕಕ್ಕೆ 1968ರ ಕಾಯ್ದೆಯಡಿ ನೋಂದಣಿ ಇದೆ. ಸೋಪು, ಕ್ರೀಮು ಮಾಡಿ ಮಾರುವವರು ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಪಡೆಯಬೇಕು, ಮನೆಯಲ್ಲಿ ಮಾಡುವವರೂ ಇದನ್ನು ತಿಳಿದಿರಿ. ಆದರೆ ಬಣ್ಣಕ್ಕೋ ಪ್ಲಾಸ್ಟಿಕ್ಕಿಗೋ ಸೇರುವ ಒಂದು ಹೊಸ ಕೆಮಿಕಲ್ ನಿಧಾನವಾಗಿ ಏನು ಮಾಡುತ್ತದೆ ಅಂತ ಮಾರುಕಟ್ಟೆಗೆ ಬರುವ ಮೊದಲೇ ಕೇಳುವ ಒಂದು ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಯುರೋಪಿನಲ್ಲಿ 2007ರಿಂದ ರೀಚ್ ಅನ್ನುವ ಕೆಮಿಕಲ್ ಕಾನೂನು ಇದೆ: ವರ್ಷಕ್ಕೆ 1 ಟನ್ ದಾಟಿದರೆ ಮಾಹಿತಿ ಕೊಡಿ, ಕೊಡದಿದ್ದರೆ ಮಾರುವ ಹಾಗಿಲ್ಲ. ಅಂಥದ್ದೇ ಒಂದು ಕರಡು ನಮ್ಮಲ್ಲೂ ತಯಾರಾಗಿದೆ. ಅದು ಬೇಗ ಕಾನೂನಾಗಬೇಕು. ಭೋಪಾಲ ಕಂಡ ದೇಶ ಇದರಲ್ಲಿ ಹಿಂದೆ ಉಳಿಯಬಾರದು.

ಪ್ರಶ್ನೆ: ಅಮ್ಮ ಊರಿಂದ ತಲೆಗೆ ಹಚ್ಚುವ ಎಣ್ಣೆ, ಕಾಡಿಗೆ ಕಳಿಸುತ್ತಾರೆ. ಗೆಳತಿಯರು ದುಡ್ಡು ಕೊಡುತ್ತೇವೆ, ನಮಗೂ ತರಿಸು ಅನ್ನುತ್ತಾರೆ. ತರಿಸಬಹುದಾ?
– ಓದುಗರು, ಸಿಡ್ನಿ

ಉತ್ತರ: ನಿಮಗೆ ಅಂತ ಅಮ್ಮ ಕಳಿಸಿದ್ದಕ್ಕೆ ಎಐಸಿಐಎಸ್ ನೋಂದಣಿ ಬೇಡ. ಮಾರಾಟಕ್ಕೆ ಅಂತ ತರಿಸಲು ಶುರು ಮಾಡಿದರೆ ನೀವು ಆಮದುದಾರರು, ಮೊದಲು ನೋಂದಣಿ ಮಾಡಿಸಿ. ಬಾಟಲಿಯ ಮೇಲೆ 'ಬೊಕ್ಕತಲೆ ವಾಸಿ' ಅಂತೆಲ್ಲ ಬರೆದಿದ್ದರೆ ಅದು ಔಷಧದ ಲೆಕ್ಕಕ್ಕೆ ಹೋಗಬಹುದು, ಆಗ ಟಿಜಿಎ, ಅಂದರೆ ಆಸ್ಟ್ರೇಲಿಯಾದ ಔಷಧ ನಿಯಂತ್ರಣ ಸಂಸ್ಥೆಯ ನಿಯಮ ನೋಡಬೇಕು. ಕಾಡಿಗೆಯನ್ನಂತೂ ಸುಮ್ನೆ ನಂಬಿಕೆಯ ಮೇಲೆ ತರಿಸಬೇಡಿ. ಕೆಲವು ಕಾಡಿಗೆ, ಸಿಂಧೂರಗಳಲ್ಲಿ ಸೀಸ ಸಿಕ್ಕಿದೆ. ಒಳಗೆ ಏನಿದೆ ಅಂತ ತಯಾರಕರಿಂದ ಬರಹದಲ್ಲಿ ತರಿಸಿಕೊಳ್ಳಿ. ಅವರು ಕೊಡದಿದ್ದರೆ ಗೆಳತಿಯರಿಗೆ ಆಗುವುದಿಲ್ಲ ಅಂತ ಹೇಳಿಬಿಡಿ.